ಇಂಗ್ಲಿಷ್ ಪ್ರಶ್ನೋತ್ತರ: ಎಲ್ಲದಕ್ಕೂ ‘ಇಂಗು’ ಹಾಕಬೇಡಿ

ಹೋದ ತಿಂಗಳು ಪ್ರಶ್ನೆ ಕಳಿಸಿ ಅಂದಿದ್ದೆ. ಬಂದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಒಂದೇ ಪದದ ಸುತ್ತ ಇವೆ. ಹ್ಯಾವ್. ಇಂಗ್ಲಿಷಿನಲ್ಲಿ ಬರೆದರೆ ನಾಲ್ಕೇ ಅಕ್ಷರ, ಕೊಡುವ ಕಾಟ ಮಾತ್ರ ನಲವತ್ತು ಅಕ್ಷರದಷ್ಟು. ಹಾಗಾಗಿ ಈ ಸಲ ಬೇರೆ ಏನೂ ಬೇಡ, ಇದನ್ನೇ ಹಿಡಿದು ಕೂರೋಣ.

ಪ್ರಶ್ನೆ: ಮೇಡಂ, ನಮ್ಮದು ತುಮಕೂರಿನ ಹತ್ತಿರ ಒಂದು ಹಳ್ಳಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಕೆಲಸ. ಮೀಟಿಂಗ್‌ನಲ್ಲಿ ‘ಐ ಆ್ಯಮ್ ಹ್ಯಾವಿಂಗ್ ಎ ಡೌಟ್’ ಅಂದೆ. ಟೀಮ್ ಲೀಡ್ ಎಲ್ಲರ ಎದುರಿಗೇ ‘ಹ್ಯಾವಿಂಗ್ ಅಲ್ಲಪ್ಪಾ, ಹ್ಯಾವ್’ ಅಂದರು. ಸುಮ್ಮನಾದೆ. ಮಧ್ಯಾಹ್ನ ಅವರಿಗೇ ಫೋನ್ ಬಂತು. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಅಂದು ಇಟ್ಟುಬಿಟ್ಟರು! ಅವರಿಗೊಂದು ನ್ಯಾಯ, ನನಗೊಂದು ನ್ಯಾಯವಾ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಎಲ್ಲರ ಎದುರು ತಿದ್ದಿದ್ದು ನನಗೂ ಇಷ್ಟವಾಗಲಿಲ್ಲ. ಆದರೆ ಏನು ಮಾಡೋದು, ನಿಮ್ಮ ಟೀಮ್ ಲೀಡ್ ಹೇಳಿದ್ದು ಎರಡೂ ಸಲ ಸರಿಯೇ.

ಹ್ಯಾವ್ ಅನ್ನೋ ಪದಕ್ಕೆ ಎರಡು ಕೆಲಸ ಇದೆ. ಒಂದು, ‘ಇದೆ’ ಅನ್ನೋದು. ನನಗೆ ಮನೆ ಇದೆ, ಜ್ವರ ಇದೆ, ಅಣ್ಣ ಇದ್ದಾನೆ. ಇನ್ನೊಂದು, ‘ಮಾಡು’ ಅನ್ನೋದು. ಊಟ ಮಾಡು, ಸ್ನಾನ ಮಾಡು, ಪಾರ್ಟಿ ಮಾಡು. ‘ಇದೆ’ ಅರ್ಥದಲ್ಲಿ ಬಂದರೆ ಕೊನೆಗೆ ಇಂಗ್ (ing) ಸೇರಿಸಬಾರದು. ‘ಮಾಡು’ ಅರ್ಥದಲ್ಲಿ ಬಂದು, ಆ ಕೆಲಸ ಈಗ ನಡೀತಾ ಇದ್ದರೆ ಇಂಗ್ ಸೇರಿಸಲೇಬೇಕು.

ಗೊತ್ತುಮಾಡಿಕೊಳ್ಳೋದು ಸುಲಭ. ಹೇಳಬೇಕಾದ್ದನ್ನು ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ, ಅದೂ ಮನೆಯಲ್ಲಿ ಮಾತಾಡೋ ಕನ್ನಡದಲ್ಲಿ. ಅದರಲ್ಲಿ ‘ತಾ’ ಇದೆಯಾ ನೋಡಿ. ‘ಊಟ ಮಾಡ್ತಾ ಇದ್ದೀನಿ’, ಇಲ್ಲಿ ‘ತಾ’ ಇದೆ, ಹಾಗಾಗಿ ಹ್ಯಾವಿಂಗ್. ‘ನನಗೊಂದು ಡೌಟ್ ಇದೆ’, ಇಲ್ಲಿ ‘ತಾ’ ಇಲ್ಲ, ಹಾಗಾಗಿ ಹ್ಯಾವ್. ‘ಡೌಟ್ ಇರ್ತಾ ಇದೆ’ ಅಂತ ಯಾರಾದರೂ ಹೇಳ್ತಾರಾ? ಇಲ್ಲ ಅಲ್ವಾ. ಕನ್ನಡದಲ್ಲಿ ನಾವು ಮಾಡದ ತಪ್ಪನ್ನು ಇಂಗ್ಲಿಷಿಗೆ ಹೋದ ತಕ್ಷಣ ಮಾಡುತ್ತೇವೆ.

ಅದೇ ಲಂಚ್ ತಗೊಳ್ಳಿ. ‘ಐ ಹ್ಯಾವ್ ಲಂಚ್ ಇನ್ ಮೈ ಬ್ಯಾಗ್’ ಅಂದರೆ ಡಬ್ಬಿ ಬ್ಯಾಗಿನಲ್ಲಿದೆ. ‘ಐ ಹ್ಯಾವ್ ಲಂಚ್ ಅಟ್ ಒನ್’ ಅಂದರೆ ದಿನಾ ಒಂದು ಗಂಟೆಗೆ ಊಟ ಮಾಡ್ತೀನಿ, ರೂಢಿ. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಅಂದರೆ ಕೈ ಎಂಜಲು, ಈಗ ಫೋನ್ ಹಿಡಿಯೋಕೆ ಆಗಲ್ಲ.

ನಾನೂ ಈ ತಪ್ಪು ಮಾಡಿದವಳೇ. ಟೀಚರ್ ಆದ ಹೊಸದರಲ್ಲಿ ಒಂದು ತರಬೇತಿಗೆ ಹೋಗಿದ್ದೆ, ಅಲ್ಲಿಗೆ ಆಸ್ಟ್ರೇಲಿಯಾದಿಂದ ಒಬ್ಬರು ಮೇಡಂ ಬಂದಿದ್ದರು. ಕಾಫಿ ಕುಡಿಯುವಾಗ ಮನೆಯವರ ಬಗ್ಗೆ ವಿಚಾರಿಸಿದರು. ನಾನು ಠೀವಿಯಿಂದ ‘ಮೈ ಸಿಸ್ಟರ್ ಈಸ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂದೆ. ಅವರ ಮುಖ ಅರಳಿತು. ‘ಓ, ಟ್ವಿನ್ಸ್! ವೆನ್?’ ಅಂದರು. ಅಕ್ಕನ ಮಕ್ಕಳು ಆಗ ಐದನೇ ಕ್ಲಾಸು, ಮೂರನೇ ಕ್ಲಾಸು. ಹ್ಯಾವಿಂಗ್ ಎ ಬೇಬಿ ಅಂದರೆ ಹೆರಿಗೆ ಆಗೋದರಲ್ಲಿದೆ ಅಂತ ಅರ್ಥ, ಹಾಗಾಗಿ ಅವರ ಕಿವಿಗೆ ನನ್ನ ಅಕ್ಕ ಅವಳಿ ಮಕ್ಕಳನ್ನು ಹೆರೋಕೆ ಹೊರಟಿದ್ದಳು. ಮೂವತ್ತು ವರ್ಷ ಆಯಿತು, ಅಕ್ಕ ಇವತ್ತಿಗೂ ಅದನ್ನು ಹೇಳಿ ಆಡಿಕೊಳ್ಳುತ್ತಾಳೆ.

ನಮಗೆ ಯಾಕೆ ಹೀಗಾಗುತ್ತದೆ? ಹ್ಯಾವ್ ಅನ್ನೋದಕ್ಕೆ ಸರಿಸಮ ಒಂದು ಕ್ರಿಯಾಪದ ನಮ್ಮ ಆಡುಮಾತಿನ ಕನ್ನಡದಲ್ಲಿ ಇಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ, ನನ್ನ ಹತ್ರ ಪೆನ್ನಿದೆ, ಮನೆಗೆ ಎರಡು ಬಾಗಿಲಿದೆ ಅಂತ ‘ಇರು’ ಒಂದರಲ್ಲೇ ಎಲ್ಲ ಮುಗಿಸುತ್ತೇವೆ. ಮಂಗಳೂರಿನ ಕಡೆಯವರು ‘ಉಂಟು’ ಅನ್ನುತ್ತಾರೆ. ಅದೇ ‘ಇರು’ ಮಾಡ್ತಾ ಇದ್ದೀನಿ, ಬರ್ತಾ ಇದೆ ಅನ್ನುವಲ್ಲೂ ಬಂದು ಕೂರುತ್ತದೆ. ಹಾಗಾಗಿ ‘ಇದೆ’ ಅಂದ ಕೂಡಲೇ ಬಾಯಿಗೆ ಒಂದು ಈಸ್ ಬಂದುಬಿಡುತ್ತದೆ, ಈಸ್ ಬಂದ ಮೇಲೆ ಹ್ಯಾವ್ ಒಂಟಿಯಾಗಿ ನಿಲ್ಲೋಕಾಗದೆ ಇಂಗ್ ಎಳೆದುಕೊಳ್ಳುತ್ತದೆ. ಇದು ನನ್ನ ಅಂದಾಜು. ಹಾಗಂತ ಇದು ಕನ್ನಡಿಗರ ತಪ್ಪು ಮಾತ್ರ ಅಲ್ಲ. ತಮಿಳರು, ಮಲಯಾಳಿಗಳು, ಹಿಂದಿಯವರು ಎಲ್ಲರೂ ಹ್ಯಾವಿಂಗ್ ಎ ಡೌಟ್ ಅನ್ನೋರೇ. ನಮ್ಮನಮ್ಮಲ್ಲಿ ಮಾತಾಡುವಾಗ ಯಾರಿಗೂ ಅಡಚಣೆಯಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಇಂಟರ್‌ವ್ಯೂ, ಪರೀಕ್ಷೆ, ವಿದೇಶದವರಿಗೆ ಬರೆಯುವ ಮೇಲ್, ಇಷ್ಟರಲ್ಲಿ ಎಚ್ಚರ ಇರಲಿ.

ಇನ್ನೂ ಒಂದು ಮಾತು, ಟೀಮ್ ಲೀಡ್ ಹೇಳದೇ ಬಿಟ್ಟಿದ್ದು. ಡೌಟ್ ಅಂದರೆ ಹೊರಗಿನವರಿಗೆ ಅನುಮಾನ, ಅಪನಂಬಿಕೆ. ನೀವು ‘ಐ ಹ್ಯಾವ್ ಎ ಡೌಟ್’ ಅಂದರೆ ವ್ಯಾಕರಣ ಸರಿ ಇದ್ದರೂ, ನಾನು ಹೇಳಿದ್ದನ್ನು ಇವರು ನಂಬ್ತಾ ಇಲ್ಲ ಅಂತ ಲಂಡನ್ನಿನ ಕ್ಲೈಂಟ್ ಅಂದುಕೊಳ್ಳಬಹುದು. ಏನಾದರೂ ಕೇಳಬೇಕಿದ್ದರೆ ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ. ಮುಂದಿನ ಮೀಟಿಂಗ್‌ನಲ್ಲಿ ಹೇಳಿ ನೋಡಿ, ನಿಮ್ಮ ಟೀಮ್ ಲೀಡ್ ಅವರೇ ಡೌಟ್ ಅನ್ನುವವರಾದರೆ ಇನ್ನೂ ಮಜಾ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ನರ್ಸ್. ಹೊರದೇಶದ ಕೆಲಸಕ್ಕೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ‘ಪೇಷಂಟ್ ಈಸ್ ಹ್ಯಾವಿಂಗ್ ಫೀವರ್’ ಅಂತ ನಾವು ದಿನಾ ಹೇಳೋದು. ಅದು ತಪ್ಪಂತೆ. ಆದರೆ ನಮ್ಮ ಡಾಕ್ಟರು ‘ಶಿ ಈಸ್ ಹ್ಯಾವಿಂಗ್ ಕಾಂಟ್ರ್ಯಾಕ್ಷನ್ಸ್’ ಅಂತಾರೆ. ಅವರಿಗೂ ತಪ್ಪು ಅನ್ನಬಹುದಾ?

ಉತ್ತರ: ಅನ್ನಬೇಡಿ, ಡಾಕ್ಟರು ಸರಿ ಇದ್ದಾರೆ. ನಿಮ್ಮ ವಾರ್ಡಿನ ಮಾತನ್ನೇ ‘ತಾ’ ಹಾಕಿ ನೋಡಿ. ಹೆರಿಗೆ ನೋವು ಬರ್ತಾ ಇದೆ: ಹ್ಯಾವಿಂಗ್ ಕಾಂಟ್ರ್ಯಾಕ್ಷನ್ಸ್. ಫಿಟ್ಸ್ ಬರ್ತಾ ಇದೆ: ಹ್ಯಾವಿಂಗ್ ಎ ಫಿಟ್. ಉಸಿರಾಡೋಕೆ ಕಷ್ಟ ಆಗ್ತಾ ಇದೆ: ಹ್ಯಾವಿಂಗ್ ಟ್ರಬಲ್ ಬ್ರೀದಿಂಗ್. ಇವೆಲ್ಲ ಕಣ್ಣೆದುರು ನಡೀತಾ ಇರುವ ಸಂಗತಿ, ಒಂದು ಹೊತ್ತಿಗೆ ಶುರುವಾಗಿ ಇನ್ನೊಂದು ಹೊತ್ತಿಗೆ ನಿಲ್ಲುವಂಥವು. ಜ್ವರ, ಶುಗರ್, ಬಿಪಿ ಹಾಗಲ್ಲ, ‘ಇದೆ’ ಅನ್ನುತ್ತೇವೆ. ‘ದ ಪೇಷಂಟ್ ಹ್ಯಾಸ್ ಎ ಫೀವರ್’, ‘ಹಿ ಹ್ಯಾಸ್ ಡಯಾಬಿಟಿಸ್’. ಫೀವರ್‌ಗೆ ಮೊದಲು ಒಂದು ‘ಎ’ ಬರುತ್ತದೆ ಅನ್ನೋದೂ ನೆನಪಿರಲಿ, ಡಯಾಬಿಟಿಸ್‌ಗೆ ಬೇಡ.

ಐಇಎಲ್‌ಟಿಎಸ್ ಬಗ್ಗೆ ಭಯ ಬೇಡ. ಮಾತಿನ ಪರೀಕ್ಷೆಯಲ್ಲಿ ನಾಲ್ಕು ವಿಷಯ ನೋಡುತ್ತಾರೆ: ತಡವರಿಸದೆ ಮಾತಾಡೋದು, ಪದಗಳು, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮಸಮ ತೂಕ. ಒಂದು ಹ್ಯಾವಿಂಗ್ ತಪ್ಪಾದರೆ ಯಾರೂ ಫೇಲ್ ಮಾಡಲ್ಲ. ಆದರೆ ಮೊದಲ ನಾಲ್ಕೈದು ನಿಮಿಷ ಕೇಳೋದೇ ಮನೆ, ಊರು, ಕೆಲಸದ ಬಗ್ಗೆ, ಅಲ್ಲಿ ಹ್ಯಾವ್ ಬರದೇ ಇರೋದಿಲ್ಲ. ‘ಐ ಆ್ಯಮ್ ಹ್ಯಾವಿಂಗ್ ಒನ್ ಬ್ರದರ್, ಅವರ್ ಹೌಸ್ ಈಸ್ ಹ್ಯಾವಿಂಗ್ ತ್ರೀ ರೂಮ್ಸ್’ ಅಂತ ಸಾಲಾಗಿ ಬಂದರೆ ಗಮನಿಸುತ್ತಾರೆ. ಮನೆ ಏನನ್ನೂ ಮಾಡ್ತಾ ಇರಲ್ಲ ಪಾಪ, ಸುಮ್ನೆ ನಿಂತಿರುತ್ತೆ. ‘ಅವರ್ ಹೌಸ್ ಹ್ಯಾಸ್ ತ್ರೀ ರೂಮ್ಸ್’.

ಪ್ರಶ್ನೆ: ‘ಮೈ ಫಾದರ್ ಹ್ಯಾವ್ ಎ ಶಾಪ್’ ಅಂತ ಬರೆದಿದ್ದಕ್ಕೆ ಮೇಷ್ಟ್ರು ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದಾರೆ. ‘ಡಸ್ ಶಿ ಹ್ಯಾಸ್’ ಅನ್ನೋದಕ್ಕೂ ಸುತ್ತು. ಯಾವಾಗ ಹ್ಯಾವ್, ಯಾವಾಗ ಹ್ಯಾಸ್? (ಪಿಯು ವಿದ್ಯಾರ್ಥಿನಿ, ಕೊಪ್ಪಳ)

ಉತ್ತರ: ಮರಿ, ಮೊದಲನೇ ತಪ್ಪು ನೀನು ಒಳ್ಳೆಯ ಮಗಳು ಅನ್ನೋದಕ್ಕೆ ಆಗಿರೋದು. ಕನ್ನಡದಲ್ಲಿ ಅಪ್ಪ ಇದ್ದಾನೆ ಅನ್ನಲ್ಲ, ಇದ್ದಾರೆ ಅಂತೀವಿ. ಒಬ್ಬರೇ ಆದರೂ ಗೌರವಕ್ಕೆ ಬಹುವಚನ. ಆ ಗೌರವವನ್ನು ಇಂಗ್ಲಿಷಿಗೂ ತಗೊಂಡುಹೋಗಿ ಹ್ಯಾವ್ ಬರೆದೆ. ಇಂಗ್ಲಿಷಿಗೆ ಆ ಮರ್ಯಾದೆ ಗೊತ್ತಿಲ್ಲ. ಅಪ್ಪ ಆಗಲಿ, ಪ್ರಧಾನಿ ಆಗಲಿ, ಬೀದಿ ನಾಯಿ ಆಗಲಿ, ಒಂದೇ ಆದರೆ ಹ್ಯಾಸ್. ನಾನು, ನೀನು, ನೀವು, ನಾವು, ಅವರೆಲ್ಲ: ಇವಕ್ಕೆ ಹ್ಯಾವ್. ಅಷ್ಟೇ. ಕನ್ನಡದಲ್ಲಿ ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತದೆ, ಮಾಡುತ್ತೇವೆ ಅಂತ ಎಷ್ಟೊಂದು ಬಾಲ ಕಲಿತಿದ್ದೀಯ, ಅದರ ಮುಂದೆ ಇದು ಏನೂ ಅಲ್ಲ.

ಎರಡನೆಯದು. ಪ್ರಶ್ನೆ ಕೇಳುವಾಗ, ‘ಇಲ್ಲ’ ಅನ್ನುವಾಗ ಡಸ್ ಬರುತ್ತಲ್ಲ, ಆ ‘ಸ್’ ಸದ್ದನ್ನು ಅದೇ ಹೊತ್ತುಕೊಂಡಿದೆ. ಒಂದು ವಾಕ್ಯಕ್ಕೆ ಒಂದೇ ‘ಸ್’ ಸಾಕು. ಡಸ್ ತಗೊಂಡ ಮೇಲೆ ಹ್ಯಾಸ್ ಮತ್ತೆ ಹ್ಯಾವ್ ಆಗುತ್ತದೆ. ‘ಡಸ್ ಶಿ ಹ್ಯಾವ್ ಎ ಸೈಕಲ್?’ ‘ಶಿ ಡಸಂಟ್ ಹ್ಯಾವ್ ಎ ಸೈಕಲ್.’ ಬಸ್ಸಿನಲ್ಲಿ ಅಮ್ಮ ಟಿಕೆಟ್ ತಗೊಂಡ ಮೇಲೆ ನೀನೂ ಇನ್ನೊಂದು ತಗೊಂಡರೆ ಹೇಗೆ, ಹಾಗೆ.

ಪ್ರಶ್ನೆ: ಯಾವ ಯಾವ ಕ್ರಿಯಾಪದಕ್ಕೆ ಇಂಗ್ ಸೇರಿಸಬಾರದು ಅಂತ ಪೂರ್ತಿ ಪಟ್ಟಿ ಕೊಡಿ. ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. (ಶಿಕ್ಷಕರು, ಹಾವೇರಿ ಜಿಲ್ಲೆ)

ಉತ್ತರ: ಕೊಡಲ್ಲ ಸರ್. ನಾನು ಸರ್ವಿಸ್‌ನಲ್ಲಿ ಇದ್ದಷ್ಟು ದಿನ ಆ ಪಟ್ಟಿ ಬಾಯಿಪಾಠ ಮಾಡಿಸಿದ್ದೇನೆ. ನೋ, ವಾಂಟ್, ಲೈಕ್, ಬಿಲೀವ್, ಅಂಡರ್‌ಸ್ಟ್ಯಾಂಡ್ ಅಂತ ಮಗ್ಗಿ ಥರ ಹೇಳುತ್ತಿದ್ದ ಮಕ್ಕಳೇ ಹೊರಗೆ ಬಂದು ‘ಮಿಸ್, ಐ ಆ್ಯಮ್ ನಾಟ್ ನೋಯಿಂಗ್’ ಅನ್ನುತ್ತಿದ್ದರು. ‘ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ’ ಅಂತ ನಮ್ಮ ಕಡೆ ಗಾದೆ ಇದೆ. ನಮ್ಮ ಇಂಗ್ಲಿಷಿನ ಗತಿಯೂ ಅದೇ ಆಗಿದೆ, ಯಾವುದೇ ಕ್ರಿಯಾಪದ ಸಿಕ್ಕಲಿ, ಮೇಲೊಂದು ಚಿಟಿಕೆ ಇಂಗು.

ಪಟ್ಟಿಯ ಬದಲು ಒಂದು ಉಪಾಯ ಹೇಳುತ್ತೇನೆ, ಕ್ಲಾಸಿನಲ್ಲಿ ಮಾಡಿ ನೋಡಿ. ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ. ಅದು ‘ನಾನು’ ಅಂತ ಶುರುವಾಗುತ್ತದಾ, ‘ನನಗೆ’ ಅಂತ ಶುರುವಾಗುತ್ತದಾ ಕೇಳಿ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ಅರ್ಥ ಆಗುತ್ತೆ. ನನಗೆ ನೆನಪಿದೆ. ನನಗೆ ಕೇಳಿಸುತ್ತೆ. ನೋಡಿ, ಪಟ್ಟಿಯಲ್ಲಿರೋ ಹೆಚ್ಚಿನ ಪದಗಳು ತಾವಾಗೇ ಬಂದುಬಿಟ್ಟವು. ಇವು ನಾವು ಮಾಡೋ ಕೆಲಸ ಅಲ್ಲ, ನಮಗೆ ಆಗೋದು. ಆ ವ್ಯತ್ಯಾಸವನ್ನು ಕನ್ನಡ ‘ನನಗೆ’ ಅಂತ ಹೇಳಿ ತೋರಿಸುತ್ತದೆ, ಇಂಗ್ಲಿಷ್ ಇಂಗ್ ಹಾಕದೆ ತೋರಿಸುತ್ತದೆ.

ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂದರೆ, ಒಂದೇ ಪದ ಎರಡು ಕಡೆ ಬಂದಾಗಲೂ ಹಿಡಿದುಕೊಡುತ್ತದೆ. ಥಿಂಕ್ ತಗೊಳ್ಳಿ. ‘ಮಳೆ ಬರುತ್ತೆ ಅಂತ ನನಗೆ ಅನ್ನಿಸುತ್ತೆ’: ಐ ಥಿಂಕ್. ‘ನಾನು ಯೋಚನೆ ಮಾಡ್ತಾ ಇದ್ದೀನಿ’: ಐ ಆ್ಯಮ್ ಥಿಂಕಿಂಗ್. ಅಡುಗೆಮನೆಗೆ ಬನ್ನಿ. ಸೌಟಿನಿಂದ ಸಾರು ಅಂಗೈಗೆ ಹಾಕಿಕೊಂಡು ನೆಕ್ಕುತ್ತಿರುವಾಗ ಯಾರೋ ಏನ್ಮಾಡ್ತಿದ್ದೀಯ ಅಂದರೆ, ನಾನು ರುಚಿ ನೋಡ್ತಾ ಇದ್ದೀನಿ: ಐ ಆ್ಯಮ್ ಟೇಸ್ಟಿಂಗ್ ದ ಸಾರು. ಉಪ್ಪು ಜಾಸ್ತಿಯಾಗಿದ್ದರೆ ‘ಇಟ್ ಟೇಸ್ಟ್ಸ್ ಸಾಲ್ಟಿ’. ಸಾರು ಯಾರ ರುಚಿಯನ್ನೂ ನೋಡ್ತಾ ಇಲ್ಲವಲ್ಲ, ಅದಕ್ಕೆ ಇಂಗು ಬೇಡ. ಸಾರಿಗೆ ಇಂಗು ಬೇಕು, ಅದು ಬೇರೆ ಮಾತು.

ಉಪಾಯದಲ್ಲಿ ಎರಡು ತೂತಿವೆ, ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ‘ನನಗೆ ಅರ್ಥ ಆಗ್ತಾ ಇಲ್ಲ’, ‘ನಿಮಗೆ ಕೇಳಿಸ್ತಾ ಇದೆಯಾ’ ಅಂತೀವಿ. ಇಲ್ಲಿ ‘ತಾ’ ಬಂತು. ಇದನ್ನೇ ಹಿಡಿದು ಫೋನಿನಲ್ಲಿ ‘ಆರ್ ಯು ಹಿಯರಿಂಗ್ ಮಿ’ ಅಂತ ಕಿರುಚೋದು. ‘ನನಗೆ’ ಮತ್ತು ‘ತಾ’ ಎರಡೂ ಜಗಳಕ್ಕೆ ಬಿದ್ದರೆ ‘ನನಗೆ’ ಹೇಳಿದ್ದನ್ನೇ ಕೇಳಿ: ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’, ‘ಕ್ಯಾನ್ ಯು ಹಿಯರ್ ಮಿ?’ ಮೈಗೆ ಆಗುವ ಸುಸ್ತು, ನಿದ್ದೆ, ತಲೆಸುತ್ತು ಮಾತ್ರ ಹೊರತು. ‘ಐ ಆ್ಯಮ್ ಫೀಲಿಂಗ್ ಸ್ಲೀಪಿ’ ಅನ್ನಬಹುದು, ‘ಐ ಫೀಲ್ ಸ್ಲೀಪಿ’ ಅಂದರೂ ಸರಿ. ಇನ್ನೊಂದು ತೂತು, ನಂಬು ಮತ್ತು ಒಪ್ಪು. ಇವು ಕನ್ನಡದಲ್ಲಿ ‘ನಾನು’ ಅಂತ ಶುರುವಾಗುತ್ತವೆ, ಆದರೂ ‘ಐ ಆ್ಯಮ್ ಬಿಲೀವಿಂಗ್’, ‘ಐ ಆ್ಯಮ್ ಅಗ್ರೀಯಿಂಗ್’ ಬೇಡ. ಈ ಎರಡನ್ನು ಬೇಕಾದರೆ ಬಾಯಿಪಾಠ ಮಾಡಿಸಿ.

ಪ್ರಶ್ನೆ: ಹಾಗಾದರೆ ಮೆಕ್‌ಡೊನಾಲ್ಡ್ಸ್‌ನವರು ‘ಐ ಆ್ಯಮ್ ಲವಿನ್ ಇಟ್’ ಅಂತ ಯಾಕೆ ಬರೀತಾರೆ? (ಎಂಟನೇ ಕ್ಲಾಸ್, ಮೈಸೂರು)

ಉತ್ತರ: ತಪ್ಪು ಅಂತ ಗೊತ್ತಿದ್ದೇ ಬರೆದಿರಬೇಕು, ಅದಕ್ಕೇ 2003ರಲ್ಲಿ ಬಂದದ್ದು ಇವತ್ತಿಗೂ ನಿನ್ನ ಬಾಯಲ್ಲಿದೆ. ಬರ್ಗರ್ ಬಾಯಲ್ಲಿ ಇರುವಾಗಲೇ, ಈ ಕ್ಷಣಕ್ಕೇ, ಮಜಾ ಬರ್ತಾ ಇದೆ ಅನ್ನೋ ಅರ್ಥ ಬರಲಿ ಅಂತ ಇಂಗ್ ಸೇರಿಸಿರಬೇಕು, ಅದರ ಕೊನೆಯ ‘ಜಿ’ಯನ್ನೂ ತಿಂದುಹಾಕಿದರು. ಈಗ ಇಂಗ್ಲಿಷ್ ಮನೆಮಾತಿನವರೂ ‘ಐ ಆ್ಯಮ್ ಲವಿಂಗ್ ದಿಸ್ ವೆದರ್’ ಅಂತ ಮಾತಿನಲ್ಲಿ ಅನ್ನುತ್ತಾರೆ. ನೀನು ಪರೀಕ್ಷೆಯಲ್ಲಿ ಬರೆಯಬೇಡ. ಅವರಿಗೆ ಮಾರ್ಕ್ಸ್ ಹಾಕುವವರಿಲ್ಲ.

ಪ್ರಶ್ನೆ: ದುಬೈನಲ್ಲಿದ್ದೇನೆ, ಊರು ಪುತ್ತೂರು. ರೆಸ್ಯೂಮೆಯಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ಬರೆದಿದ್ದೆ. ಸ್ನೇಹಿತರು ಎರಡು ತಪ್ಪು ಉಂಟು ಅಂದರು. ಒಂದೂ ಕಾಣುತ್ತಿಲ್ಲ.

ಉತ್ತರ: ಎರಡು ಉಂಟು, ಹೌದು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಆಗಬೇಕು.

ಹಿಂದೆ ಶುರುವಾಗಿ ಇವತ್ತಿನವರೆಗೂ ಬಂದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬರೀ ಆ್ಯಮ್ ಸಾಲದು, ಹ್ಯಾವ್ ಬೀನ್ ಬೇಕು. ಕನ್ನಡದಲ್ಲಿ ‘ಈಗ ಕೆಲಸ ಮಾಡ್ತಾ ಇದ್ದೀನಿ’, ‘ಐದು ವರ್ಷದಿಂದ ಕೆಲಸ ಮಾಡ್ತಾ ಇದ್ದೀನಿ’ ಎರಡಕ್ಕೂ ಒಂದೇ ರೂಪ, ಹಾಗಾಗಿ ನಮಗೆ ಎಡವುತ್ತದೆ.

ಎರಡನೇ ತಪ್ಪಿಗೆ ‘ಇಂದ’ ಕಾರಣ. ಐದು ವರ್ಷದಿಂದ, 2019ರಿಂದ, ಎರಡಕ್ಕೂ ನಾವು ‘ಇಂದ’ ಹಚ್ಚುತ್ತೇವೆ. ಇಂಗ್ಲಿಷಿನವರು ಅಲ್ಲಿ ಜಿಪುಣರು. ಶುರುವಾದ ಗಳಿಗೆ ಹೇಳಿದರೆ ಮಾತ್ರ ಸಿನ್ಸ್: ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ಮೈ ಮ್ಯಾರೇಜ್. ಎಷ್ಟು ಹೊತ್ತು, ಎಷ್ಟು ವರ್ಷ ಅಂತ ಅಳತೆ ಹೇಳಿದರೆ ಫಾರ್. ಗಡಿಯಾರ, ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸೋಕೆ ಆಗುತ್ತಾ ನೋಡಿ. 2019 ಆಗುತ್ತದೆ. ‘ಐದು ವರ್ಷ’ವನ್ನು ಬೆರಳಿಟ್ಟು ತೋರಿಸೋಕೆ ಆಗಲ್ಲ.

ಪ್ರಶ್ನೆ: ‘ಐ ಹ್ಯಾವ್ ಹ್ಯಾಡ್’ ಅನ್ನೋದು ಅಚ್ಚಿನ ತಪ್ಪಾ? ಎರಡೆರಡು ಸಲ ಯಾಕೆ? (ಗೃಹಿಣಿ, ಶಿರಸಿ)

ಉತ್ತರ: ತಪ್ಪಲ್ಲ. ನಾವು ಯಾರೇ ಸಿಕ್ಕರೂ ಮೊದಲು ಕೇಳೋ ‘ಊಟ ಆಯ್ತಾ?’ ಅನ್ನೋ ಪ್ರಶ್ನೆ ಇದೆಯಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಸರಿಯಾಗಿ ಕೂರೋದು ಇದೇ. ‘ಹ್ಯಾವ್ ಯು ಹ್ಯಾಡ್ ಲಂಚ್?’ ಮೊದಲಿನ ಹ್ಯಾವ್ ‘ಆಯ್ತು’ ಅನ್ನೋ ಕೆಲಸ ಮಾಡುತ್ತದೆ, ಎರಡನೆಯ ಹ್ಯಾಡ್ ಊಟ. ಉತ್ತರ ‘ಐ ಹ್ಯಾವ್ ಹ್ಯಾಡ್ ಲಂಚ್’, ಅವಸರದಲ್ಲಿ ‘ಐವ್ ಹ್ಯಾಡ್ ಲಂಚ್’. ಇದರ ಹೆಸರು ಪ್ರೆಸೆಂಟ್ ಪರ್ಫೆಕ್ಟ್ ಅಂತ ದೊಡ್ಡದಾಗಿದ್ದರೂ ಇದೂ ಪ್ರೆಸೆಂಟ್ ಟೆನ್ಸೇ. ಊಟ ಮುಗಿದಿದ್ದರೂ ಮಾತು ಈಗಿನ ಹೊಟ್ಟೆಯದು. ‘ಡಿಡ್ ಯು ಹ್ಯಾವ್ ಲಂಚ್’ ಅಂತ ಕೇಳಿದರೂ ಸರಿ, ಅಮೆರಿಕದವರು ಹಾಗೇ ಕೇಳುತ್ತಾರೆ. ‘ಲಂಚ್ ಓವರಾ’ ಅನ್ನೋದು ಮಾತ್ರ ನಮ್ಮ ಆಫೀಸಿನ ಇಂಗ್ಲಿಷು.

ನನ್ನದು ಇನ್ನೂ ಆಗಿಲ್ಲ. ಈ ಕಾಗದಗಳಿಗೆ ಉತ್ತರ ಬರೆಯುತ್ತಾ ಎರಡೂವರೆ ಆಯಿತು, ಒಳಗಿನಿಂದ ಎರಡು ಸಲ ಕರೆದರು. ಉಳಿದ ಪ್ರಶ್ನೆಗಳು ಮುಂದಿನ ತಿಂಗಳಿಗೆ.